ಬೀಫ್ ಫ್ರೈಗೆ ದಪ್ಪ ತಗಡಿನ ಕಬ್ಬಿಣದ ಕಡಾಯಿ: ಬಳಸಿ ನೋಡಿ ಬರದಿದ್ದು

ಮೊದಲ ಹೇಳಿಬಿಡ್ತೀನಿ, ಐದರಾಗ ನಾಕೂವರಿ ಸ್ಟಾರ್. ಅರ್ಧಾ ಸ್ಟಾರ್ ಯಾಕ ಕಟ್ ಮಾಡೀನಿ ಅಂತ ಕೆಳಗ ಬರದೀನಿ. ಇದು ಬ್ರ್ಯಾಂಡ್ ಐಟಂ ಅಲ್ರಿ, ಬಾಕ್ಸಿನ್ಯಾಗ ಪ್ಯಾಕ್ ಆಗಿ ಬರೋದಲ್ಲ, ಹುಬ್ಬಳ್ಳಿ ದುರ್ಗದಬೈಲ್ ಕಡೆ ಭಾಂಡೆ ಅಂಗಡಿ ಮುಂದ ಸಾಲಾಗಿ ತೂಗಹಾಕಿರ್ತಾರಲ್ಲ, ಆ ಕರೀ ಕಬ್ಬಿಣದ ಕಡಾಯಿ. 13 ಇಂಚು ಅಗಲ, ಎರಡೂ ಕಡೆ ಕಿವಿ, ತಳಾ ಸ್ವಲ್ಪ ಚಪ್ಪಟಿ, ತೂಕದ ಮ್ಯಾಲ ರೇಟು. ಸಂಜಿಮುಂದ ಕೆಲಸದಿಂದ ಬಂದು ಮನಿ ಮಂದಿಗೆಲ್ಲಾ ಲಗೂನ ಬೀಫ್ ಮತ್ತ ಕಾಯಿಪಲ್ಯೆ ಕೂಡಿಸಿ ಒಂದು ಫ್ರೈ ಮಾಡಬೇಕು ಅನ್ನೋರಿಗೆ ಇದಕ್ಕಿಂತ ಚೊಲೋ ಸಾಮಾನು ನಾ ಅಂತೂ ನೋಡಿಲ್ಲ.

ಯಾಕ ಇಷ್ಟು ಜೋರಾಗಿ ಹೇಳಾಕತ್ತೀನಿ ಅಂದ್ರ ನಮ್ಮ ಕಡೆ ಸಿಗೋ ಮಾಂಸದ ಸಂಗತಿ ಬ್ಯಾರೆ ಐತಿ. ಇಲ್ಲಿ ಬೀಫ್ ಅಂದ್ರ ಎಮ್ಮಿ, ಕೋಣದ್ದು. 2021ರಿಂದ ಜಾರಿಯೊಳಗಿರೋ ಕಾಯ್ದೆ ಪ್ರಕಾರ ಕರ್ನಾಟಕದಾಗ ಆಕಳಾ, ಕರಾ, ಹೋರಿ, ಎತ್ತು ಯಾವದನ್ನೂ ಕಡಿಯಂಗಿಲ್ಲ, ಎಮ್ಮಿ ಕೋಣ ಆದ್ರೂ 13 ವರ್ಷ ದಾಟಿರಬೇಕು, ಅದಕ್ಕೂ ಸರ್ಟಿಫಿಕೇಟ್ ಬೇಕು. ಅಂದ್ರ ನಮ್ಮ ಅಡಗಿ ಮನಿಗೆ ಬರೋದೆಲ್ಲಾ ವಯಸ್ಸಾದ ಮಾಂಸ, ಕೊಬ್ಬು ಕಡಿಮಿ, ಎಳಿ ಗಟ್ಟಿ. ಅದಕ್ಕ ನಮ್ಮ ಹಿರ್ಯಾರು ಕುಕ್ಕರಿಗೆ ಹಾಕಿ ಸೀಟಿ ಮ್ಯಾಲ ಸೀಟಿ ಹೊಡಿಸಿ ಸಾರು ಇಲ್ಲಾ ಸುಕ್ಕಾ ಮಾಡ್ಕೊಂಡು ಬಂದ್ರು, ಅದು ಭಾಳ ಶಾಣ್ಯಾ ಪದ್ಧತಿ, ನಾ ಈಗೂ ಐತವಾರ ಹಂಗ ಮಾಡ್ತೀನಿ. ಆದ್ರ ಮೊಬೈಲ್‌ನ್ಯಾಗ ನೋಡೋ ಫ್ರೈ ರೆಸಿಪಿ ಎಲ್ಲಾ ಹೊರದೇಶದ ಎಳೇ ದನದ ಮಾಂಸ ಇಟ್ಕೊಂಡು ಹೇಳಿದ್ದು, ಅದನ್ನ ಇದ್ದಂಗ ಇಲ್ಲಿ ಮಾಡಿದ್ರ ಮನಿ ಮಂದಿ ಜಗಿದು ಜಗಿದು ದವಡಿ ನೋಯಿಸ್ಕೊಂಡು ಏಳ್ತಾರ. ನಮ್ಮ ಮಾಂಸಕ್ಕ ಎರಡು ಹಾದಿ ಅಷ್ಟ, ಒಂದು ಕುಕ್ಕರಿನ್ಯಾಗ ತಾಸುಗಟ್ಟಲೆ, ಇಲ್ಲಾಂದ್ರ ಭಾಳ ತೆಳ್ಳಗ ಕೊಯ್ದು ಭಾಳ ಬಿಸಿಯೊಳಗ ಎರಡ ನಿಮಿಷ. ನಡುವಿಂದು ಏನೂ ನಡಿಯಂಗಿಲ್ಲ. ಆ ಎರಡನೇ ಹಾದಿಗೆ ಕಡಾಯಿ ಸರಿ ಬೇಕು.

ಇದಕ್ಕ ಮೊದಲ ನಮ್ಮಲ್ಲಿ ನಾನ್‌ಸ್ಟಿಕ್ ಇತ್ತು, ಕಂಪನಿ ಹೆಸರು ಬ್ಯಾಡ. ತತ್ತಿ, ದ್ವಾಸಿಗೆ ಅದು ಚೊಲೋನ. ಆದ್ರ ಮಾಂಸ ಹಾಕಿದ ಕೂಡ್ಲೆ ಅದರ ಕಾವು ಇಳಿದು ಹೋಗೋದು, ಮಾಂಸ ನೀರು ಬಿಡೋದು, ಆ ನೀರಾಗ ಅದು ಬೂದಿ ಬಣ್ಣಕ್ಕ ತಿರುಗಿ ಕುದ್ದು ಕುಂಡ್ರೋದು. ಮಾಂಸಕ್ಕ ಆ ಕಂದು ಬಣ್ಣ, ಆ ವಾಸನಿ ಬರಬೇಕಂದ್ರ ಮ್ಯಾಲಿನ ಪದರ 140 ಡಿಗ್ರಿ ದಾಟಬೇಕ್ರಿ, ನೀರು ನಿಂತಿರೋ ತನಕ 100ರ ಮ್ಯಾಲ ಹೋಗಂಗೇ ಇಲ್ಲ. ಮತ್ತ ಖಾಲಿ ನಾನ್‌ಸ್ಟಿಕ್ ಹೊಗಿ ಬರೋಮಟ ಕಾಯಿಸೋದು ಬರೋಬ್ಬರಿ ಅಲ್ಲ, 260 ಡಿಗ್ರಿ ಆಸುಪಾಸು ಆ ಕೋಟಿಂಗ್ ಕೆಡಾಕ ಶುರು ಆಗ್ತೈತಿ. ಸಣ್ಣ ಹುಡುಗ್ರು ಇರೋ ಮನ್ಯಾಗ ನನಗ ಅದು ಬ್ಯಾಡ ಅನ್ನಿಸ್ತು.

ಅಂಗಡ್ಯಾಗ ಎರಡು ನಮೂನಿ ತೋರಿಸಿದ್ರು, ಒಂದು ಬೀಡಿಂದು, ಅಂದ್ರ ಎರಕ ಹೊಯ್ದ ಕಬ್ಬಿಣದ್ದು, ಒಂದು ತಗಡಿಂದು. ಬೀಡಿಂದು ಕಾವು ಹಿಡಕೊಳ್ಳೋದ್ರಾಗ ಒಂದು ಕೈ ಮ್ಯಾಲ, ಆದ್ರ 13 ಇಂಚಿಂದು ಒಂದ ಕೈಲೆ ಎತ್ತಾಕ ಆಗ್ಲೇ ಇಲ್ಲ. "ಅಕ್ಕಾರ, ಬೀಡು ಕೈ ತಪ್ಪಿ ಬಿದ್ರ ಒಡೀತೈತಿ, ತಗಡು ಬಿದ್ರ ನೆಗ್ಗತೈತಿ ಅಷ್ಟ, ದಿನಾ ಬಳಸೋರು ಇದನ್ನ ಒಯ್ಯರಿ" ಅಂದ್ರು ಆ ಅಣ್ಣಾರು. ನಾ ತೆಳ್ಳಂದು ಬಿಟ್ಟು ದಪ್ಪ ತಗಡಿಂದು ಆರಿಸಿದೆ. ಇಲ್ಲಿ ಒಂದು ಮಾತು ಹೇಳಬೇಕು, ಗೋಬಿ ಗಾಡಿಯವರು ತೆಳ್ಳನ ಕಡಾಯಿ ಇಟ್ಟಿರ್ತಾರ, ಅದು ಅವರಿಗೆ ಸರಿ ಹೋಗ್ತೈತಿ ಯಾಕಂದ್ರ ಅವರ ಬರ್ನರ್ ಉರಿ ಕಡಾಯಿ ಅಂಚು ದಾಟಿ ಮ್ಯಾಲ ಬರ್ತಿರ್ತೈತಿ, ಕಾವು ಇಳಿದ್ರೂ ಕಣ್ಣ ಮುಚ್ಚಿ ತೆಗೆಯೋದ್ರಾಗ ಮತ್ತ ಏರ್ತೈತಿ. ಮನಿ ಗ್ಯಾಸಿಗೆ ಅಷ್ಟು ತಾಕತ್ತಿಲ್ಲ. ನಮಗ ದಪ್ಪ ತಳಾ ಬೇಕು, ಮೊದಲ ಐದಾರು ನಿಮಿಷ ಖಾಲಿ ಕಾಯಿಸಿ ಕಾವು ಕೂಡಿಟ್ಕೋಬೇಕು, ಆಮ್ಯಾಲ ಮಾಂಸ ಹಾಕಬೇಕು.

ತಂದ ದಿನಾನ ಅಡಗಿ ಮಾಡಾಕ ಬರಂಗಿಲ್ಲ, ಪಳಗಿಸಬೇಕು. ಜಂಗು ಹಿಡೀಬಾರದಂತ ಅದಕ್ಕ ಯಾವದೋ ಮಷಿನ್ ಎಣ್ಣಿ ಸವರಿರ್ತಾರ, ಬಿಸಿನೀರು, ಸೋಪು, ತಂತಿ ಜಾಳಿಗಿ ತಗೊಂಡು ಗಸಗಸ ತಿಕ್ಕಿ ಕರೀ ನೀರು ಬರೋದು ನಿಲ್ಲೋಮಟ ತೊಳೀರಿ. ಆಮ್ಯಾಲ ಒಲಿ ಮ್ಯಾಲ ಇಟ್ಟು ಪೂರಾ ಒಣಗಿಸಿ, ಬಣ್ಣ ನೀಲಿಗಟ್ಟೋಮಟ ಕಾಯಿಸಿ, ಉರಿ ಸಣ್ಣ ಮಾಡಿ, ಅರಬಿ ತುಂಡಿಗೆ ಶೇಂಗಾ ಎಣ್ಣಿ ಹಚ್ಚಿ ಒಳಗ ಹೊರಗ ಸವರಿ, ಮತ್ತ ಒಣ ಅರಬಿಲೆ ಎಣ್ಣಿ ಎಲ್ಲಾ ಒರಿಸಿಬಿಡ್ರಿ, ಎಣ್ಣಿ ಹಚ್ಚೇ ಇಲ್ಲೇನೋ ಅನ್ನೋಹಂಗ. ದಪ್ಪ ಉಳಿದ್ರ ಅಂಟಂಟಾಗಿ ಕುಂಡ್ರತೈತಿ. ಹೊಗಿ ನಿಂತ ಮ್ಯಾಲ ಮತ್ತೊಮ್ಮೆ, ಹಿಂಗ ಮೂರ್ನಾಕು ಸುತ್ತು. ಎಣ್ಣಿ ಆ ಕಾವಿಗೆ ಗಟ್ಟಿ ಪದರ ಆಗಿ ಕಬ್ಬಿಣಕ್ಕ ಹತ್ಕೋತೈತಿ, ಅದ ಇದರ ನಾನ್‌ಸ್ಟಿಕ್. ಅಗಸಿ ಎಣ್ಣಿ ಹಚ್ರಿ ಅಂತ ಭಾಳ ಮಂದಿ ಹೇಳ್ತಾರ, ಅದು ಲಗೂನ ಗಟ್ಟಿ ಆಗೋದು ಖರೇ, ಆದ್ರ ಮುಂದ ಸಿಪ್ಪಿ ಸಿಪ್ಪಿಯಾಗಿ ಏಳ್ತೈತಿ. ಶೇಂಗಾ ಸಾಕ್ರಿ. ಕಿಟಕಿ ತೆಗೆದಿಡ್ರಿ, ಹೊಗಿ ಮನಿತುಂಬ ಆಗ್ತೈತಿ.

ಈಗ ಅಸಲ ವಿಷಯ. ನಮ್ಮ ಮನ್ಯಾಗ ಐದು ಮಂದಿ, ಅರ್ಧಾ ಕೇಜಿ ಮಾಂಸ, ಅಷ್ಟ ತೂಕದ ಕಾಯಿಪಲ್ಯೆ. ಅಂಗಡ್ಯಾಗ ಭಾಯಿಯವರಿಗೆ ಅಂಡರ್‌ಕಟ್ ಕೇಳ್ರಿ. ಬೆನ್ನಿನ ಎಲುಬಿನ ಒಳಮೈಗೆ ಇರೋ ಉದ್ದ ತುಂಡು ಅದು, ದನಾ ನಡದಾಡೋಮುಂದ ಅದಕ್ಕ ಕೆಲಸ ಕಡಿಮಿ, ಅದಕ್ಕ ವಯಸ್ಸಾದ ಎಮ್ಮಿಯೊಳಗೂ ಮೆತ್ತಗ ಇರ್ತೈತಿ. ರೇಟು ಸ್ವಲ್ಪ ಜಾಸ್ತಿ, ಮತ್ತ ಲಗೂನ ಖಾಲಿ ಆಗ್ತೈತಿ, ಮುಂಜಾನೆ ಫೋನ್ ಮಾಡಿ ಹೇಳಿಟ್ರ ಚೊಲೋ. ಮನಿಗೆ ತಂದು ಫ್ರೀಝರಿನ್ಯಾಗ ಮುಕ್ಕಾಲು ತಾಸು ಇಡ್ರಿ, ಕಲ್ಲಾಗಬಾರದು, ಬೆರಳಲೆ ಒತ್ತಿದ್ರ ಸ್ವಲ್ಪ ತಗ್ಗಬೇಕು. ಆವಾಗ ಚಾಕು ಜಾರಂಗಿಲ್ಲ, ಎರಡು ಮೂರು ಮಿಲಿಮೀಟರ್ ದಪ್ಪ ಪಟ್ಟಿ ಬರ್ತಾವ. ಮಾಂಸದ ಎಳಿ ಯಾವ ಕಡೆ ಓಡ್ಯಾವ ಅಂತ ನೋಡಿ ಅದಕ್ಕ ಅಡ್ಡ ಕೊಯ್ಯಬೇಕು, ಇದನ್ನ ಬಿಟ್ರ ಉಳಿದಿದ್ದೆಲ್ಲಾ ಮಾಡಿದ್ದು ದಂಡ. ಉದ್ದಕ್ಕ ಕೊಯ್ದ್ರ ಪೂರಾ ಎಳಿ ಬಾಯಾಗ ದಾರದಂಗ ಉಳೀತೈತಿ, ಅಡ್ಡ ಕೊಯ್ದ್ರ ಎಳಿ ಮೊದಲ ತುಂಡಾಗಿರ್ತಾವ, ಹಲ್ಲಿಗೆ ಕೆಲಸ ಕಡಿಮಿ.

ಕೊಯ್ದ ಮಾಂಸಕ್ಕ ಅರ್ಧಾ ಚಹಾ ಚಮಚ ಅಡಗಿ ಸೋಡಾ, ಎರಡು ಚಮಚ ನೀರು ಹಾಕಿ ಕಲಸಿ ಕಾಲು ತಾಸು ಬಿಡ್ರಿ. ಸೋಡಾ ಕ್ಷಾರ, ಅದು ಹತ್ತಿದ್ರ ಬಿಸಿಗೆ ಮಾಂಸದ ಪ್ರೋಟೀನು ಬಿಗಿಯಾಗಿ ಮುದುಡಂಗಿಲ್ಲ, ನೀರು ಒಳಗ ಉಳೀತೈತಿ. ಆಮ್ಯಾಲ ಚೊಕ್ಕ ತೊಳೀಬೇಕು, ಇಲ್ಲಾಂದ್ರ ಸೋಡಾದ ರುಚಿ ನಾಲಿಗಿಗೆ ಹತ್ತತೈತಿ, ಮತ್ತ ಒಣ ಅರಬಿಲೆ ಒತ್ತಿ ಒತ್ತಿ ನೀರು ತಗೀರಿ. ಒಂದೊಂದು ದೊಡ್ಡ ಚಮಚ ಸೋಯಾ ಸಾಸ್, ಕಾರ್ನ್‌ಫ್ಲೋರ್, ಸ್ವಲ್ಪ ಮೆಣಸಿನ ಪುಡಿ, ಎಣ್ಣಿ ಕಲಸಿ ಇಟ್ಟು ಕಾಯಿಪಲ್ಯೆ ಹೆಚ್ಕೋರಿ.

ಕಡಾಯಿ ಕಾದೈತೋ ಇಲ್ಲೋ ನೋಡಾಕ ಒಂದು ಹನಿ ನೀರು ಚಿಮುಕಿಸ್ರಿ, ಅದು ಚರ್ ಅಂತ ಆರಿ ಹೋದ್ರ ಸಾಲಂಗಿಲ್ಲ, ಗುಂಡಾಗಿ ಗಿರಗಿರ ಓಡಾಡಬೇಕು. ಆವಾಗ ಎಣ್ಣಿ, ಎಣ್ಣಿ ಮ್ಯಾಲ ಸಣ್ಣ ಹೊಗಿ ಎದ್ದ ಮ್ಯಾಲ ಅರ್ಧಾ ಮಾಂಸ ಅಷ್ಟ ಹಾಕ್ರಿ, ಒಂದಕ್ಕೊಂದು ಹತ್ತದಂಗ ಹರವಿ ಕೈ ಕಟ್ಕೊಂಡು ನಿಂದರ್ರಿ. ಒಂದು ನಿಮಿಷ ಮುಟ್ಟಬ್ಯಾಡ್ರಿ, ಚಮಚ ಕೈಯಾಗಿದ್ರ ತಿರುವಬೇಕನ್ನಿಸ್ತೈತಿ, ಆದ್ರೂ ಬ್ಯಾಡ. ನಮ್ಮ ಕಡಾಯಿಯೊಳಗ ಏನಾಗ್ತೈತಿ ಅಂದ್ರ ಮೊದಲ ಪಟ್ಟಿ ತಳಕ್ಕ ಗಟ್ಟಿ ಹಿಡಕೋತಾವ, ಅಂಚು ಬಣ್ಣ ತಿರುಗತೈತಿ, ಆಮ್ಯಾಲ ತಾನಾಗಿ ಬಿಡ್ತಾವ, ಸೌಟು ಹಾಕಿದ್ರ ಸಲೀಸಾಗಿ ಜಾರ್ತಾವ. ತಿರುವಿ ಹಾಕಿದ್ರ ಕೆಳಗಿನ ಮೈ ಹುರಿದ ಕಾಫಿ ಬೀಜದ ಬಣ್ಣ. ಇನ್ನೊಂದು ನಿಮಿಷ, ಒಳಗ ಕೆಂಪು ಉಳೀದಂಗ ಬೆಂದ ಕೂಡ್ಲೆ ತಾಟಿಗೆ ತಗದು, ಕಡಾಯಿ ಮತ್ತ ಕಾಯಿಸಿ ಉಳಿದ ಅರ್ಧಾ. ಒಂದ ಸಲಕ್ಕ ಎಲ್ಲಾ ಸುರುವಿದ್ರ ಎಂಥಾ ಕಡಾಯಿ ಇದ್ರೂ ಕಾವು ಬೀಳ್ತೈತಿ, ಮತ್ತ ಅದ ಬೂದಿ ಬಣ್ಣದ ನೀರು.

ಕಾಯಿಪಲ್ಯೆ ಯಾವದಾದ್ರೂ ನಡೀತೈತಿ, ಗಟ್ಟಿ ಇರೋವು ಮೊದಲ, ಮೆತ್ತನ್ನವು ಆಮ್ಯಾಲ. ನಾ ಬೀನ್ಸ್, ಗಜ್ಜರಿ ಮೊದಲ ಹಾಕ್ತೀನಿ, ಎರಡು ನಿಮಿಷಕ್ಕ ಡೊಣ್ಣ ಮೆಣಸಿನಕಾಯಿ, ದಪ್ಪ ಎಸಳು ಮಾಡಿದ ಉಳ್ಳಾಗಡ್ಡಿ, ಒಂದು ಹಿಡಿ ಕ್ಯಾಬೀಜು, ಕಡೀಕ ಬಳ್ಳೊಳ್ಳಿ, ಹಸಿಶುಂಠಿ. ಬಳ್ಳೊಳ್ಳಿ ಮೊದಲ ಹಾಕಿದ್ರ ಇಷ್ಟು ಕಾವಿಗೆ ಹೊತ್ತಿ ಕಹಿ ಆಗ್ತೈತಿ.

ಬಣ್ಣಕ್ಕ ಬ್ಯಾಡಗಿ. ಪಕ್ಕದ ಜಿಲ್ಲಾದಾಗ ಜಿಐ ಟ್ಯಾಗ್ ಪಡೆದ ಮೆಣಸಿನಕಾಯಿ ಇಟ್ಕೊಂಡು ಬಾಟಲಿ ಬಣ್ಣ ಯಾಕ ಬೇಕ್ರಿ. ಡಬ್ಬಿ ಬ್ಯಾಡಗಿ (ಗಿಡ್ಡ, ದಪ್ಪ ಇರೋ ನಮೂನಿ) ನಾಕೈದು ಬಿಸಿನೀರಾಗ ನೆನಸಿ ರುಬ್ಬಿ ಒಂದು ಚಮಚ ಹಾಕ್ರಿ, ಖಾರ ಕಡಿಮಿ, ಬಣ್ಣ ಕಡುಗೆಂಪು, ಹುಡುಗ್ರೂ ತಿಂತಾರ. 2024ರ ಮಾರ್ಚ್‌ನ್ಯಾಗ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ಬಂದ್ ಮಾಡಿದ್ದು ಎಲ್ಲಾರಿಗೂ ನೆನಪಿರಬೇಕು, ಸ್ಯಾಂಪಲ್‌ನ್ಯಾಗ ಸುರಕ್ಷಿತ ಅಲ್ಲದ ಕೃತಕ ಬಣ್ಣ ಸಿಕ್ಕಿದ್ದೂವು. ಮನ್ಯಾಗ ಮಾಡೋದ್ರ ದೊಡ್ಡ ಫಾಯದೆ ಇದ. ಕಡೀಕ ಮಾಂಸ ವಾಪಸ್ ಕಡಾಯಿಗೆ, ಸ್ವಲ್ಪ ಸೋಯಾ, ಚಿಟಿಕಿ ಸಕ್ಕರಿ, ಉಳ್ಳಾಗಡ್ಡಿ ತಪ್ಪಲ, ಅರ್ಧಾ ನಿಮಿಷ ತಿರುವಿ ಒಲಿ ಬಂದ್. ಉಪ್ಪು ನೋಡಿ ಹಾಕ್ರಿ, ಸೋಯಾದಾಗ ಮೊದಲ ಭಾಳ ಇರ್ತೈತಿ.

ನಮ್ಮ ಅತ್ತಿಯವರಿಗೆ ಹಲ್ಲಿನ ತ್ರಾಸು ಐತಿ, ಸಾರು ಮಾಡಿದ್ರ ಬರೇ ರಸದಾಗ ರೊಟ್ಟಿ ನೆನಸ್ಕೊಂಡು ತಿಂದು ಏಳ್ತಿದ್ರು. ಈ ಕಡಾಯಿ ಬಂದ ಮ್ಯಾಲ ಬಿಸಿ ಜ್ವಾಳದ ರೊಟ್ಟಿಯೊಳಗ ಮಾಂಸದ ಪಟ್ಟಿ ಸುತ್ತಿ ತಿಂತಾರ, "ಇನ್ನೊಂದೀಟ ಹಾಕವಾ" ಅಂತ ಕೇಳಿ ಹಾಕಿಸ್ಕೋತಾರ. ನನಗ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬ್ಯಾಡ್ರಿ. ಹುಡುಗ್ರು ಅನ್ನದ ಜೋಡಿ ಕಲಸ್ಕೊಂಡು ತಿಂತಾರ, ನಮ್ಮನಿಯವರು ಚಪಾತಿ ಜೋಡಿ.

ಇನ್ನ ಅರ್ಧಾ ಸ್ಟಾರಿನ ಲೆಕ್ಕ. ಕಿವಿ ಕೆಂಡದಂಥಾ ಬಿಸಿ ಆಗ್ತಾವ, ಎರಡೂ ಕೈಗೆ ದಪ್ಪ ಅರಬಿ ಇಲ್ಲದ ಮುಟ್ಟಾಕ ಆಗಂಗಿಲ್ಲ, ಒಂದು ಕಡೆ ಕಟ್ಟಿಗಿ ಹಿಡಿಕಿ ಕೊಟ್ಟಿದ್ರ ಎಷ್ಟು ಚೊಲೋ ಇತ್ತು. ಎರಡು ಬರ್ನರಿನ ಒಲಿ ಮ್ಯಾಲ ಇದನ್ನ ಇಟ್ರ ಬಾಜೂ ಬರ್ನರಿಗೆ ದೊಡ್ಡ ಬೋಗುಣಿ ಕುಂಡ್ರಂಗಿಲ್ಲ, ಅನ್ನ ಮೊದಲ ಮಾಡಿ ಇಳಿಸಿಡಬೇಕು. ತೊಳೆದು ಹಂಗ ಬಿಟ್ರ ಜಂಗು, ಮಳಿಗಾಲದಾಗಂತೂ ರಾತ್ರಿ ಬಿಟ್ಟಿದ್ದು ಮುಂಜಾನೆ ಕೆಂಪಗ ಆಗಿರ್ತೈತಿ, ಅದಕ್ಕ ತೊಳೆದ ಕೂಡ್ಲೆ ಒಲಿ ಮ್ಯಾಲ ಒಣಗಿಸಿ ಒಂದು ಹನಿ ಎಣ್ಣಿ ಸವರಿ ಇಡಬೇಕು. ಹುಣಸಿಹುಳಿ, ಟೊಮ್ಯಾಟೊ ಹಾಕಿ ಇದ್ರಾಗ ಸಾರು ಕುದಿಸಬ್ಯಾಡ್ರಿ, ಹುಳಿ ಆ ಪಳಗಿದ ಪದರ ತಿಂದು ಹಾಕ್ತೈತಿ, ಸಾರೂ ಕರ್ರಗ ಆಗ್ತೈತಿ. ಮಾಡಿದ್ದನ್ನ ಅದ್ರಾಗ ಇಡೋದೂ ಬ್ಯಾಡ, ಬ್ಯಾರೆ ಪಾತ್ರಿಗೆ ತಗೀರಿ.

ಇಬ್ಬರ ಮೂವರ ಇರೋ ಮನಿಗೆ 11 ಇಂಚಿಂದು ಸಾಕು, ತೂಕಾನೂ ಕಡಿಮಿ. ಇಂಡಕ್ಷನ್ ಒಲಿ ಇದ್ರ ಪೂರಾ ಚಪ್ಪಟಿ ತಳದ್ದ ತಗೋಬೇಕು, ಗುಂಡ ತಳದ್ದು ಅದರ ಮ್ಯಾಲ ಸರಿ ಕಾಯಂಗಿಲ್ಲ. ಅಂಗಡ್ಯಾಗ ನೆಲದ ಮ್ಯಾಲ ಇಟ್ಟು ಅಲುಗಾಡ್ತೈತೇನು ನೋಡ್ರಿ, ಕಿವಿ ಹಚ್ಚಿದ ರಿವೀಟು ಒಳಗಿನ ಕಡೆ ಬೆರಳಾಡಿಸಿ ನೋಡ್ರಿ, ಸಂದಿ ಇದ್ರ ಅಲ್ಲಿ ಎಣ್ಣಿ, ಖಾರ ಕುಂತು ತಿಕ್ಕಾಕ ಬರಂಗಿಲ್ಲ. ನಾ ನೋಡಿದ್ರಾಗ ಎರಡು ಹಂಗ ಇದ್ದೂವು, ಆ ಅಣ್ಣಾರು ಏನೂ ಬ್ಯಾಸರ ಮಾಡ್ಕೊಳ್ಳದ ಮ್ಯಾಲಿಂದ ಇನ್ನೊಂದು ಇಳಿಸಿ ಕೊಟ್ರು.