ಮೈಸೂರು ರಸ್ತೆ ಕಡೆ ಬೈಕಲ್ಲಿ ಹೋಗೋರು ಓದಿ: ಇದ್ದದ್ದು ಒಂದು ಮೊಳೆ, ಹಾಕಿದ್ದು ಏಳು ಪಂಚರ್

ಭಾನುವಾರ ಬೆಂಗಳೂರಿಂದ ಮಂಡ್ಯ, ಶ್ರೀರಂಗಪಟ್ಟಣ, ಮೇಲುಕೋಟೆ ಅಂತ ಬೈಕ್ ತಗೊಂಡು ಹೋಗೋರು ದಯವಿಟ್ಟು ಪೂರ್ತಿ ಓದಿ. ಟ್ಯೂಬ್‌ಲೆಸ್ ಟೈರ್ ಇರೋರಂತೂ ತಪ್ಪದೆ ಓದಿ. ಟೈರಿಗೆ ಹೊಕ್ಕಿದ್ದು ಒಂದೇ ಒಂದು ಮೊಳೆ. ಶೆಡ್ಡಿನಿಂದ ಹೊರಗೆ ಬರುವಾಗ ಟೈರಲ್ಲಿ ಏಳು ಸ್ಟ್ರಿಪ್, ಅಂದ್ರೆ ತೂತು ಮುಚ್ಚೋಕೆ ತುರುಕೋ ರಬ್ಬರ್ ಎಳೆ. ಮಿಕ್ಕ ಆರು ತೂತು ಆ ಪಂಚರ್ ಶೆಡ್ಡಲ್ಲೇ, ನಮ್ಮ ಕಣ್ಣೆದುರಿಗೇ ಮಾಡಿದ್ದು. ಬರೀವಾಗ್ಲೂ ಮೈ ಉರೀತಾ ಇದೆ.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡಲ್ಲ, ಹತ್ತಿದ್ರೆ 500 ರೂಪಾಯಿ ದಂಡ. ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಜಲ್ಲಿ, ತಂತಿ ಚೂರು, ಲಾರಿಯಿಂದ ಉದುರಿದ ಕಬ್ಬಿಣ ಇದ್ದೇ ಇರುತ್ತೆ. ಪಂಚರ್ ಆಗಿದ್ದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಸಿಟ್ಟೆಲ್ಲ ಆಮೇಲೆ ನಡೆದದ್ದಕ್ಕೆ.

ನಾಲ್ಕು ಬೈಕು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಬಂಕಲ್ಲಿ ಎಲ್ಲಾ ಗಾಡಿಗೂ ಗಾಳಿ ಹಿಡಿಸಿಕೊಂಡು ಹೊರಟಿದ್ವಿ. ಪಂಚರ್ ಆದ ಗಾಡಿಯ ಹಿಂದಿನ ಟೈರಿಗೆ, ಹಿಂದೆ ಒಬ್ಬರು ಕೂತಿದ್ರಿಂದ 32 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇಟ್ಟಿದ್ದು. ಈ ನಂಬರ್ ನೆನಪಿಟ್ಟುಕೊಳ್ಳಿ. ಮದ್ದೂರು ದಾಟಿದ ಮೇಲೆ ಸ್ಕೂಟರ್‌ನವನೊಬ್ಬ ಪಕ್ಕಕ್ಕೆ ಬಂದು ಕೈ ತೋರಿಸಿದ: "ಹಿಂದ್ಲು ಟೈರಲ್ಲಿ ಗಾಳಿ ಕಮ್ಮಿ ಅದೆ ಸಾ, ಮುಂದೆ ಎಡಗಡೆ ಶೆಡ್ ಅದೆ ನೋಡಿ." ಹೇಳಿ ಹೋದ. ಅವನಿಗೂ ಶೆಡ್ಡಿಗೂ ಸಂಬಂಧ ಇದೆಯಾ ಅಂತ ಸಾಬೀತು ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ. ಆದ್ರೆ ಗಾಳಿ ಕಮ್ಮಿ ಅಂತ ಹೇಳೋ ಜೊತೆಗೇ ಯಾವ ಶೆಡ್ಡಿಗೆ ಹೋಗಬೇಕು ಅಂತಾನೂ ಹೇಳಿದ್ನಲ್ಲ, ಅದನ್ನ ಗಮನಿಸಿ.

ಶೆಡ್ಡಲ್ಲಿ ಕಂಪ್ರೆಸರ್ ಗೇಜ್ ಹಾಕಿದಾಗ 24 ತೋರಿಸ್ತು. 32 ಇದ್ದದ್ದು 24. ಅಷ್ಟೇ. ಟೈರ್ ನೆಲಕ್ಕೆ ಅಂಟಿರಲಿಲ್ಲ. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿ, ಶೆಡ್ಡಿನವನು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಕೆಳಗೆ ಜಾಕ್ ಕೊಟ್ಟು ಎತ್ತಿದ. ಸೋಪಿನ ನೀರು ಹೊಡೆದು ಚಕ್ರ ತಿರುಗಿಸಿದ. ಮೊಳೆ ಸಿಕ್ತು, ತಲೆ ಹೊರಗೇ ಕಾಣ್ತಿತ್ತು, ಪಕ್ಕದಲ್ಲಿ ಸಣ್ಣ ಗುಳ್ಳೆ. ಇಲ್ಲೀವರೆಗೆ ಎಲ್ಲಾ ಸರಿ.

"ಇರಿ ಸಾ, ಇನ್ನೆಲ್ಲಾದ್ರೂ ಅದೆಯಾ ನೋಡ್ಬುಡೋಣ" ಅಂದ. ಬಕೆಟ್ಟಿಂದ ಒದ್ದೆ ಬಟ್ಟೆ ತಗೊಂಡ. ಟೈರ್ ಮೇಲೆ ಒರೆಸಿಕೊಂಡು ಬಂದ. ಒರೆಸೋದು, ಒಂದು ಕ್ಷಣ ಅಲ್ಲೇ ಒತ್ತಿ ಹಿಡಿಯೋದು, ಕೈ ತೆಗೆಯೋದು. ಕೈ ತೆಗೆದ ಜಾಗದಲ್ಲಿ ಗುಳ್ಳೆ. "ಇಲ್ಲೊಂದು." ಮತ್ತೆ ಒರೆಸಿದ, ಒತ್ತಿದ, ಗುಳ್ಳೆ. "ಇಲ್ಲೊಂದು." ನಾವು ಸುತ್ತ ನಿಂತು ನೋಡ್ತಾನೇ ಇದ್ವಿ. ಇಷ್ಟು ಜನದ ಎದುರಿಗೆ ಮಾಡಿದ ಅನ್ನೋದೇ ಸಹಿಸೋಕೆ ಆಗ್ತಿಲ್ಲ. ಆ ಬಟ್ಟೆ ಮಡಿಕೆಯೊಳಗೆ ದಬ್ಬಳದ ತರದ ಚೂಪಾದ ಕಡ್ಡಿ ಇರುತ್ತೆ. ಬೆರಳ ಮಧ್ಯೆ ಹಿಡಿದಿರ್ತಾರೆ, ಹೊರಗೆ ಬಟ್ಟೆ ಮಾತ್ರ ಕಾಣುತ್ತೆ. ಗ್ರಾಹಕನ ಕಣ್ಣು ಗುಳ್ಳೆ ಮೇಲಿರುತ್ತೆ, ಕೈ ಮೇಲೆ ಇರಲ್ಲ.

ಎಣಿಸಿ ಏಳು ಅಂದ. ಒಂದಕ್ಕೆ 150, ಒಟ್ಟು 1,050. ಒಂದು ಸ್ಟ್ರಿಪ್ ಪಂಚರಿಗೆ ನೂರರಿಂದ ನೂರೈವತ್ತು ಕೊಡೋದು ಎಲ್ಲಾ ಕಡೆ ಇದ್ದದ್ದೇ, ಆ ರೇಟಿಗೆ ಯಾರೂ ಚೌಕಾಸಿ ಮಾಡಲ್ಲ. ಅವರ ಲಾಭ ಇರೋದು ರೇಟಲ್ಲಿ ಅಲ್ಲ, ಎಣಿಕೆಯಲ್ಲಿ.

ಒಂದೇ ಸಲಕ್ಕೆ ಏಳು ಹೇಗೆ ಅಂತ ಕೇಳಿದ್ವಿ. ಉತ್ತರ ಬಾಯಿಪಾಠ: "ಈ ರೋಡೇ ಹಂಗೆ ಸಾ, ನಾವೇನ್ ಮಾಡನ?" ಮೊಳೆ ಒಂದೇ ಇದೆ, ಮಿಕ್ಕ ತೂತಿಂದು ಎಲ್ಲಿ? "ಬಿದ್ದೋಗಿರ್ತದೆ." ಬಟ್ಟೆ ತೋರಿಸು ಅಂದಿದ್ದಕ್ಕೆ ಬಕೆಟ್ಟಿಗೆ ಎಸೆದು, "ಗುಳ್ಳೆ ನೀವೇ ನೋಡಿದ್ರಲ್ಲ? ನಂಬಿಕೆ ಇಲ್ದಿದ್ರೆ ಹಂಗೇ ತಗೊಂಡೋಗಿ, ಬ್ಯಾಡ ಅಂದೋರ್ಯಾರು?" ಅಂದ. ಹಾಗೇ ತಗೊಂಡು ಹೋಗೋದು ಹೇಗೆ? ಅಷ್ಟೊತ್ತಿಗೆ ಮೊಳೆ ಕಿತ್ತಾಗಿತ್ತು, ಗಾಳಿ ಪೂರ್ತಿ ಇಳಿದಿತ್ತು. ಅದು ಅವನಿಗೂ ಗೊತ್ತು. ಆ ಗಳಿಗೆ ನೆನೆಸಿಕೊಂಡ್ರೆ ಅವಮಾನ ಆಗುತ್ತೆ. ಸುಳ್ಳು ಅಂತ ಗೊತ್ತಾಗಿದೆ, ಆದ್ರೂ ದುಡ್ಡು ಕೊಡಲೇಬೇಕು.

ಅಷ್ಟಕ್ಕೂ ಬಿಡಲಿಲ್ಲ. "ಇಷ್ಟೊಂದು ಆದ್ಮೇಲೆ ಟೈರ್ ತಡೆಯಕ್ಕಿಲ್ಲ, ಟ್ಯೂಬ್ ಹಾಕ್ಸ್ಬುಡಿ, 850 ಆಯ್ತದೆ." ಇದು ಎರಡನೇ ಬಲೆ, ಇದಕ್ಕೆ ಬೀಳಲೇಬೇಡಿ. ಸ್ಟ್ರಿಪ್ಪಿನ ಮಡಿಕೆ ಟೈರ್ ಒಳಗಡೆ ಚಾಚಿಕೊಂಡಿರುತ್ತೆ. ಅದರ ಮೇಲೆ ಟ್ಯೂಬ್ ಕೂರಿಸಿದ್ರೆ ಉಜ್ಜಿ ಉಜ್ಜಿ ಬಿಸಿ ಆಗುತ್ತೆ, ಸವೆಯುತ್ತೆ. ಟ್ಯೂಬ್‌ಲೆಸ್‌ನಲ್ಲಿ ಗಾಳಿ ನಿಧಾನಕ್ಕೆ ಹೋಗುತ್ತೆ, ನಿಲ್ಲಿಸೋಕೆ ಸಮಯ ಸಿಗುತ್ತೆ. ಟ್ಯೂಬ್ ಸಿಡಿದ್ರೆ ಒಂದೇ ಏಟಿಗೆ ಖಾಲಿ, 80ರಲ್ಲಿ ಹೋಗ್ತಿದ್ರೆ ಹಿಂದಿನ ಚಕ್ರ ಅಡ್ಡ ಹೊಡೆಯುತ್ತೆ. ಬೇಡ ಅಂದ್ವಿ. ಬಿಲ್ ಕೇಳಿದ್ವಿ. "ಪಂಚರಿಗೆ ಯಾರ್ ಸಾ ಬಿಲ್ ಕೊಡ್ತಾರೆ?" ಯುಪಿಐನಲ್ಲಿ ಕೊಟ್ಟಿದ್ದು, ಬೋರ್ಡ್ ಮೇಲಿನ ಹೆಸರು ಒಂದು, ಕ್ಯೂಆರ್‌ನಲ್ಲಿ ಬಂದ ಹೆಸರು ಇನ್ನೊಂದು.

ಈಗ ಲೆಕ್ಕ ನೋಡಿ. ಬಿಡದಿಯಿಂದ ಅಲ್ಲಿಗೆ ಐವತ್ತು ಕಿಲೋಮೀಟರ್ ಹತ್ತಿರ. ಗುಳ್ಳೆ ಉಕ್ಕೋ ಅಂಥ ಏಳು ತೂತು ಇದ್ದಿದ್ರೆ ಟೈರ್ ನಿಮಿಷಗಳಲ್ಲಿ ಖಾಲಿ ಆಗಿ ರಿಮ್ ಮೇಲೆ ಓಡಬೇಕಿತ್ತು. 24 ಪಿಎಸ್‌ಐ ಎಲ್ಲಿಂದ ಉಳೀತು? ಮೊಳೆ ಒಳಗೇ ಕೂತಿದ್ರೆ ಅದೇ ತೂತಿಗೆ ಬಿರಡೆ ಆಗಿ ಗಾಳಿ ಸ್ವಲ್ಪ ಸ್ವಲ್ಪ ಸೋರುತ್ತೆ. 32 ಇದ್ದದ್ದು 24ಕ್ಕೆ ಇಳಿಯೋದು ಹಾಗೆ. ಅದೊಂದೇ ಮೊಳೆಯ ಲೆಕ್ಕ.

ತೂತು ಇದ್ದ ಜಾಗಾನೂ ನೋಡಿ. ಮೊಳೆ ಚುಚ್ಚಿದ್ದು ರಬ್ಬರ್ ದಪ್ಪ ಇರೋ ಗುಬ್ಬಿನ ಮೇಲೆ. ಮಿಕ್ಕ ಆರೂ ಟ್ರೆಡ್ಡಿನ (ಟೈರ್ ನೆಲಕ್ಕೆ ತಾಗೋ ಭಾಗ) ನಡು ಗೆರೆಯೊಳಗೆ, ರಬ್ಬರ್ ತೆಳ್ಳಗಿರೋ ಕಡೆ, ಕೈಯಲ್ಲಿ ಒತ್ತಿದ್ರೂ ಇಳಿಯೋ ಕಡೆ. ಅದೂ ಸುತ್ತಳತೆಯ ಮೂರನೇ ಒಂದು ಭಾಗದಲ್ಲೇ. ರಸ್ತೆ ಮೇಲಿನ ಮೊಳೆಗೆ ಗೆರೆ ಹುಡುಕಿಕೊಂಡು ಚುಚ್ಚೋ ಬುದ್ಧಿ ಇರುತ್ತಾ?

ಊರಿಗೆ ಬಂದ ಮೇಲೆ ಯಾವಾಗ್ಲೂ ಹೋಗೋ ಮೆಕ್ಯಾನಿಕ್ ಟೈರ್ ಬಿಚ್ಚಿ ಒಳಮೈ ತೋರಿಸಿದ್ರು. ಮೊಳೆ ತೂತು ಓರೆಯಾಗಿ ಹರಿದಿತ್ತು, ಅಂಚಲ್ಲಿ ತುಕ್ಕಿನ ಕೆಂಪು, ಕರೀ ಕೊಳೆ. ಮಿಕ್ಕ ಆರು ನೆಟ್ಟಗೆ ಇಳಿದಿದ್ವು, ಆರಕ್ಕೂ ಒಂದೇ ಗಾತ್ರ, ತುಕ್ಕಿಲ್ಲ, ಕೊಳೆ ಇಲ್ಲ. ಸ್ಟ್ರಿಪ್‌ಗಳು ಒಂದಕ್ಕೊಂದು ಇಷ್ಟು ಹತ್ತಿರ ಇದ್ರೆ ಹೈವೇಗೆ ಆಗಲ್ಲ, ಬದಲಾಯಿಸಿ ಅಂದ್ರು. ಹೊಸ ಟೈರಿಗೆ ಮೂರು ಸಾವಿರದ ಮೇಲೆ. ಇನ್ನೂ ಮುಕ್ಕಾಲು ಗುಬ್ಬು ಇದ್ದ ಟೈರು ಅದು! ಸಾವಿರ ರೂಪಾಯಿ ಹೋಯ್ತು ಅಂತ ಸುಮ್ಮನಾಗೋ ವಿಷಯ ಅಲ್ಲ ಇದು, ಒಳ್ಳೇ ಟೈರನ್ನ ಕೊಂದುಹಾಕಿದ್ರು.

ಪೇಮೆಂಟ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದ್ರೆ ಮೊದಲು "ಯಾವ ಗಾಡಿ? ದಿನಾ ಎಷ್ಟೋ ಗಾಡಿ ಬತ್ತವೆ." ಒಳಗಿನ ಫೋಟೋ ಕಳಿಸಿದ ಮೇಲೆ "ನಿಮ್ ಮೆಕ್ಯಾನಿಕ್ಕೇ ಮಾಡಿರ್ಬೋದು." ಮತ್ತೆ ಮಾಡಿದ್ರೆ "ಇಲ್ಲಿಗೇ ಬನ್ನಿ, ಕೂತ್ಕೊಂಡು ಮಾತಾಡನ." ಆಮೇಲೆ ಬ್ಲಾಕ್. ನಮ್ಮ ಮೆಕ್ಯಾನಿಕ್ ಮೇಲೇ ಹಾಕಿದ್ದು ಓದಿ ಹೊಟ್ಟೆ ಉರಿದುಹೋಯ್ತು.

ಅಲ್ಲಿ ಹೊತ್ತು ಕಳೆದದ್ದು ಬೇರೆ. ಮಂಡ್ಯದಿಂದ ಜಕ್ಕನಹಳ್ಳಿ ಮೇಲೆ ಮೇಲುಕೋಟೆ ತಲುಪೋ ಹೊತ್ತಿಗೆ ದೇವಸ್ಥಾನದ ಬಾಗಿಲು ಹಾಕಿದ್ರು. ಪುಳಿಯೋಗರೆ, ಸಕ್ಕರೆ ಪೊಂಗಲ್ ತಿಂದು ಕಲ್ಯಾಣಿ ನೋಡಿ ವಾಪಸ್. ತೊಣ್ಣೂರು ಕೆರೆ ಬಿಟ್ಟೇಬಿಟ್ವಿ, ಏಳು ಸ್ಟ್ರಿಪ್ ಟೈರಲ್ಲಿ ಹಿಂದೆ ಒಬ್ಬರನ್ನ ಕೂರಿಸಿಕೊಂಡು ಹೋಗೋ ಧೈರ್ಯ ಯಾರಿಗೂ ಬರಲಿಲ್ಲ.

ಎಲ್ಲಾ ಪಂಚರ್ ಅಂಗಡಿಯವರೂ ಹೀಗೆ ಅಂತಿಲ್ಲ. ಬಿಸಿಲಲ್ಲಿ ಕೂತು ನ್ಯಾಯವಾಗಿ ನೂರು ರೂಪಾಯಿ ದುಡಿಯೋರೇ ಜಾಸ್ತಿ. ಇಂಥವರಿಂದ ಅವರ ಹೆಸರೂ ಕೆಡ್ತಿದೆ. ಆದ್ರೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಬ್ಬರು ಅಯಸ್ಕಾಂತ ಹಿಡಿದು ಕೆಜಿಗಟ್ಟಲೆ ಮೊಳೆ ಆರಿಸಿದ್ದು ಪೇಪರಲ್ಲೆಲ್ಲ ಬಂದಿತ್ತು. ಮೋಸ ಹೊಸದಲ್ಲ.

ಹೋಗೋರು ಇಷ್ಟು ಮಾಡಿ. ಯಾರೋ ಕೈ ತೋರಿಸಿದ್ರು ಅಂತ ಅವರು ಹೇಳಿದ ಶೆಡ್ಡಿಗೆ ಹೋಗಬೇಡಿ, ನಿಲ್ಲಿಸಿ ನೀವೇ ನೋಡಿ. ಮೊಳೆ ಕಂಡ್ರೆ ಕೀಳಬೇಡಿ. ಗೇಜಲ್ಲಿ 20ರ ಮೇಲಿದ್ರೆ ಹಿಂದೆ ಕೂತವರನ್ನ ಬೇರೆ ಗಾಡಿಗೆ ಹತ್ತಿಸಿ, ಸ್ಪೀಡು 40ರ ಒಳಗೆ ಇಟ್ಟು ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗಿ, ಗಾಳಿ ತುಂಬಿಸಿಕೊಂಡು ಪೇಟೆಯೊಳಗಿನ ಟೈರ್ ಅಂಗಡಿ ಹುಡುಕಿ. ಬಂಕಲ್ಲಿ ಗಾಳಿ ಪುಕ್ಕಟೆ.

ಶೆಡ್ಡಿಗೇ ಹೋಗಬೇಕಾಗಿ ಬಂದ್ರೆ ಮೊದಲು ಗೇಜ್ ಫೋಟೋ, ಆಮೇಲೆ ಚಕ್ರ ತಿರುಗಿಸ್ತಾ ಪೂರ್ತಿ ಟ್ರೆಡ್ಡಿನ ವಿಡಿಯೋ. ಸೋಪಿನ ನೀರು ನೀವೇ ಹಾಕಿ, ಚಕ್ರ ನೀವೇ ತಿರುಗಿಸಿ, ಗುಳ್ಳೆ ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಬಟ್ಟೆ ಬೇಡ ಅಂತ ಖಡಾಖಂಡಿತವಾಗಿ ಹೇಳಿ. ಬಟ್ಟೆ ಇಲ್ಲದೆ ಆಗಲ್ಲ ಅಂದ್ರೆ ಗಾಡಿ ಹೊರಗೆ ತನ್ನಿ. ಕಡ್ಡಿ ಚಕ್ರದ ಬುಲೆಟ್ ತರದ ಟ್ಯೂಬ್ ಗಾಡಿ ಆದ್ರೆ ಟ್ಯೂಬನ್ನ ಶೆಡ್ ಹಿಂದಕ್ಕೆ ಒಯ್ಯೋಕೆ ಬಿಡಬೇಡಿ, ನೀರಿನ ತೊಟ್ಟಿ ನಿಮ್ಮ ಮುಂದೆ ಇರಲಿ.

ಎಲ್ಲಕ್ಕಿಂತ ಒಳ್ಳೇದು ಗುಂಪಿಗೊಂದು ಕಿಟ್. ರೀಮರ್ (ತೂತು ಉಜ್ಜಿ ಸರಿಮಾಡೋ ಒರಟು ಕಡ್ಡಿ), ಸ್ಟ್ರಿಪ್ ತಳ್ಳೋ ಸೂಜಿ, ಐದಾರು ಸ್ಟ್ರಿಪ್, ಗಮ್ ಟ್ಯೂಬ್, ಸಣ್ಣ ಇನ್‌ಫ್ಲೇಟರ್ ಇಲ್ಲಾ ಕಾಲ್ಪಂಪು. ಮೊಳೆಯನ್ನ ಇಕ್ಕಳದಲ್ಲಿ ಕಿತ್ತು, ಅದು ಹೋದ ಓರೆಯಲ್ಲೇ ರೀಮರ್ ನಾಲ್ಕೈದು ಸಲ ಒಳಗೆ ಹೊರಗೆ ಆಡಿಸಿ, ಗಮ್ ಸವರಿದ ಸ್ಟ್ರಿಪ್ಪನ್ನ ಸೂಜಿಯಲ್ಲಿ ತಳ್ಳಿ, ಎರಡು ತುದಿ ಬೆರಳಗಲ ಹೊರಗಿರುವಾಗ ಸೂಜಿ ಜೋರಾಗಿ ಎಳೆದುಕೊಳ್ಳಿ. ಹೊರಗಿನದನ್ನ ಟ್ರೆಡ್ಡಿನಿಂದ ಮೂರು ನಾಲ್ಕು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಟೈರಿನ ಪಕ್ಕದ ಗೋಡೆಗೆ ಮಾತ್ರ ಸ್ಟ್ರಿಪ್ ಹಾಕಲೇಬೇಡಿ, ನಿಲ್ಲಲ್ಲ.

ಜಗಳಕ್ಕೆ ಬಂದ್ರೆ ಅಲ್ಲಿಂದಲೇ 112ಕ್ಕೆ ಮಾಡಿ. ಗಾಡಿ ಕೆಟ್ಟು ನಿಂತ್ರೆ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033. ದುಡ್ಡು ನಗದಲ್ಲಿ ಕೊಡಬೇಡಿ, ಯುಪಿಐ ಆದ್ರೆ ಹೆಸರು, ಹೊತ್ತು ದಾಖಲೆಗೆ ಉಳಿಯುತ್ತೆ. ಟೈರ್ ಬಿಚ್ಚಿಸಿದಾಗ ಒಳಮೈ ಫೋಟೋ ತೆಗೆದುಕೊಳ್ಳಿ, ಸ್ಟೇಷನ್ನಿಗೆ ಹೋದ್ರೆ ತೋರಿಸೋಕೆ ಅದೇ ಆಧಾರ. ನಾವು ಮೊಳೆ ಸಮೇತ ಆ ಟೈರ್ ಎತ್ತಿಟ್ಟಿದ್ದೀವಿ, ದೂರಿನ ಜೊತೆ ಕೊಡೋಕೆ.