ಜಾತ್ರೆಗೆ ಯಾವ ನಾಟಕ: ಕಟ್ಟಿದ ಕಥೆಯೋ, ನಡೆದ ಕಥೆಯೋ?

ಹೊಸದುರ್ಗದ ಕಡೆಯ ಯುವಕರು ಕೇಳಿದ್ದಾರೆ: ಜಾತ್ರೆಗೆ ಕಾಲ್ಪನಿಕ ಸಾಮಾಜಿಕ ನಾಟಕವೋ, ಚಿತ್ರದುರ್ಗದ ಪಾಳೆಯಗಾರ ಮದಕರಿ ನಾಯಕನ ಕಥೆಯೋ?

ಖರ್ಚಿನಲ್ಲಿ ಸಾಮಾಜಿಕವೇ ಹಗುರ. ಪಂಚೆ, ಸೀರೆ, ನಾಲ್ಕು ಕುರ್ಚಿ ಸಾಕು. ದರ್ಬಾರಿನ ಪರದೆ, ಕತ್ತಿ, ಪೇಟಗಳಿಗೆ ಬಾಡಿಗೆ ತೆರಬೇಕು.

ನಿಜವಾದ ಪರೀಕ್ಷೆ ಬರವಣಿಗೆಯಲ್ಲಿದೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾದದ್ದು ದುರ್ಗದ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಹಾಗಾಗಿ ‘ಮುಂದೇನು’ ಎಂಬ ಕುತೂಹಲ ಸಿಗದು, ‘ಹೇಗೆ’ ಎಂಬುದರಿಂದಲೇ ಹಿಡಿದಿಡಬೇಕು. ಬದಲಿಗೆ ಓಬವ್ವ ಒನಕೆ ಎತ್ತಿದೊಡನೆ ಚಪ್ಪಾಳೆ ತಾನಾಗಿ ಬರುತ್ತದೆ. ಆದರೆ ನೀವು ಹೆಣೆದ ಮಾತನ್ನೂ ಜನ ಇತಿಹಾಸವೆಂದೇ ನಂಬುತ್ತಾರೆ. ತಪ್ಪಿದರೆ ಮರುದಿನ ಕಟ್ಟೆಯ ಮೇಲೆ ವಿಚಾರಣೆ ಖಚಿತ. ಕಲ್ಪನೆಯಲ್ಲಿ ಅಂತ್ಯವನ್ನೇ ಬದಲಿಸಬಹುದು, ಕೇಳುವವರಿಲ್ಲ. ಆದರೆ ಎರಡನೆಯ ದೃಶ್ಯ ಸೊರಗಿದರೆ ಪ್ರೇಕ್ಷಕರು ಮಂಡಕ್ಕಿ-ಮಿರ್ಚಿಯ ಅಂಗಡಿಗೆ ಹೊರಡುತ್ತಾರೆ!

ಆರೇ ನಟರು, ತಿಂಗಳೊಳಗೆ ಪ್ರದರ್ಶನ ಎಂದಾದರೆ ಸಾಮಾಜಿಕ ನಾಟಕ. ಗಟ್ಟಿ ಕಂಠದ ನಾಯಕನಟ, ಎರಡು ತಿಂಗಳ ತಾಲೀಮು ಇದ್ದರೆ ಮದಕರಿ. ನನಗಂತೂ ಮುತ್ತಿಗೆಯ ದಿನಗಳಲ್ಲಿ ಕೋಟೆಯೊಳಗೆ ಸಿಕ್ಕಿಕೊಂಡ ಒಂದು ಕಲ್ಪಿತ ಕುಂಬಾರ ಕುಟುಂಬದ ಕಥೆ ನೋಡುವಾಸೆ.