ಉಪಗ್ರಹ ಸರ್ವೆಯ ಲೆವೆಲ್ ನಂಬಿ ಪೈಪ್ ಹೂಳುವವರೇ, ಸ್ವಲ್ಪ ತಡೆಯಿರಿ

ಡಿಜಿಪಿಎಸ್ (ಉಪಗ್ರಹದ ಸಂಕೇತ ಹಿಡಿದು ಅಳೆಯುವ) ಸರ್ವೆಯವರು ಕೊಟ್ಟ ಲೆವೆಲ್, ಅಂದರೆ ಎತ್ತರದ ಪಟ್ಟಿ ಹಿಡಿದು ಜೆಸಿಬಿ ಕರೆಸುವವರು ದಯವಿಟ್ಟು ಇದನ್ನು ಓದಿ. ಕುಂದಾಪುರದ ಕಡೆ ನಮ್ಮ ಜಾಗದ ಮಳೆನೀರನ್ನು ತೋಡಿಗೆ ಬಿಡಲು ಸಿಮೆಂಟ್ ಪೈಪ್ ಹೂಳಿಸಿದೆ. ಅದೇ ಪೈಪ್ ಈಗ ಮಣ್ಣಿನಿಂದ ಹೊರಬಂದು ದಾರಿ ಬದಿಯಲ್ಲಿ ಬಿದ್ದಿದೆ. ಹೋಗಿ ಬರುವವರೆಲ್ಲ ನೋಡಿ ನಗುತ್ತಿದ್ದಾರೆ.

ಮೊದಲ ಪಟ್ಟಿಯಲ್ಲಿ ಎಲ್ಲ ಎತ್ತರವೂ ಮೈನಸ್ ಎಪ್ಪತ್ತು ಚಿಲ್ಲರೆ ಮೀಟರ್! ಗದ್ದೆ ಸಮುದ್ರದ ಅಡಿಯಲ್ಲಿದೆಯೇ ಎಂದು ಕೇಳಿದೆ. "ಅದು ಎಲಿಪ್ಸಾಯ್ಡ್ ಎತ್ತರ ಸರ್, ಜಿಯಾಯ್ಡ್ ಮಾಡೆಲ್ ಹಾಕಿದರೆ ಸರಿಹೋಗುತ್ತದೆ" ಎಂದರು. ಆ ಮಾತು ಸುಳ್ಳಲ್ಲ. ಉಪಗ್ರಹದಿಂದ ಸಿಗುವ ಎತ್ತರ ಭೂಮಿಯ ಗಣಿತದ ಆಕಾರದಿಂದ, ಅಂದರೆ ಎಲಿಪ್ಸಾಯ್ಡ್‌ನಿಂದ ಎಣಿಸಿದ್ದು. ನೀರಿಗೆ ಬೇಕಾದದ್ದು ಗುರುತ್ವದ ಮಟ್ಟ. ಸಮುದ್ರಮಟ್ಟಕ್ಕೆ ಹತ್ತಿರವಾದ ಜಿಯಾಯ್ಡ್ ನಮ್ಮ ಕಡೆ ಆ ಆಕಾರಕ್ಕಿಂತ ಬಹಳ ಕೆಳಗಿದೆ. ಬೆಂಗಳೂರಿನಲ್ಲಿ ಸುಮಾರು 86 ಮೀಟರ್, ಶ್ರೀಲಂಕೆಯ ದಕ್ಷಿಣದ ಸಾಗರದಲ್ಲಿ 106ರ ಹತ್ತಿರ. ಆ ಅಂತರ ಎಷ್ಟೆಂದು ಹೇಳುವುದು ಜಿಯಾಯ್ಡ್ ಮಾಡೆಲ್; ಅದನ್ನು ಉಪಗ್ರಹದ ಎತ್ತರಕ್ಕೆ ಸೇರಿಸಬೇಕು. ಸರಿ, ಸೇರಿಸಿದರು.

ಆದರೆ ಯಾವ ಮಾಡೆಲ್‌ನಿಂದ? ಅಲ್ಲಿಯೇ ಮೋಸ.

ರಸ್ತೆ ಕಡೆಯ ಅರ್ಧವನ್ನು ಮೊದಲು ಅಳೆದರು, ತೋಡಿನ ಕಡೆಯ ಅರ್ಧವನ್ನು ಮಳೆ ಬಿಟ್ಟ ಮೇಲೆ ಬೇರೆ ಹುಡುಗರು ಬೇರೆ ಉಪಕರಣ ತಂದು ಅಳೆದರು. ನಡುವಿನ ಚೇಂಬರ್‌ನಲ್ಲಿ ಎರಡೂ ಕಡೆಯ ಪೈಪ್ ಕೂಡಬೇಕು. ಕೂಡಲಿಲ್ಲ. ತೋಡಿನ ಕಡೆಯದು ಒಂದೂವರೆ ಅಡಿ ಮೇಲೆ ಕುಳಿತಿತ್ತು. ಮೇಸ್ತ್ರಿ ಒಂದು ಮಾತೂ ಆಡದೆ ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿದು, ಎರಡು ತುದಿಯಲ್ಲಿ ಗೆರೆ ಎಳೆದು ತೋರಿಸಿದರು. ಆಮೇಲೆ ಕೇಳಿದರು: "ನೀರು ಮೇಲೆ ಹತ್ತಬೇಕೇ ಇನ್ನು?" ಜೆಸಿಬಿಯವನ ಎದುರು, ಪಕ್ಕದ ಮನೆಯವರ ಎದುರು! ಲಕ್ಷಾಂತರ ಬೆಲೆಯ ಉಪಕರಣ ತಪ್ಪಿದ್ದನ್ನು ಹಿಡಿದದ್ದು ಆ ಟ್ಯೂಬು.

ಎರಡೂ ಪಟ್ಟಿ ತೆಗೆದು ನೋಡಿದೆ. ಮೋರಿಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ ಅದೇ ಬಿಂದು ಎರಡರಲ್ಲೂ ಇದೆ. ಎತ್ತರ ಮಾತ್ರ ಬೇರೆ, ಅದೇ ಒಂದೂವರೆ ಅಡಿ. ಫೋನ್ ಮಾಡಿದೆ. "ನಿಖರತೆ ಎರಡು ಸೆಂಟಿಮೀಟರ್ ಬಂದಿದೆ ಸರ್, ಪರದೆಯ ಫೋಟೊ ಇದೆ" ಎಂದರು. ಮತ್ತೆ ಕೇಳಿದೆ. "ಉಪಗ್ರಹ ಸುಳ್ಳು ಹೇಳುವುದಿಲ್ಲ ಸರ್." ಉಪಗ್ರಹದ ಮೇಲೆ ನನ್ನ ತಕರಾರೇ ಇಲ್ಲವಲ್ಲ! ಗದರಿದ ಮೇಲೆ ಬಾಯಿಬಿಟ್ಟರು: ಮೊದಲ ಉಪಕರಣದಲ್ಲಿದ್ದ ಜಿಯಾಯ್ಡ್ ಮಾಡೆಲ್ ಇಜಿಎಂ96, ಎರಡನೆಯದರಲ್ಲಿದ್ದದ್ದು ಇಜಿಎಂ2008. "ಎರಡೂ ಅಂತರರಾಷ್ಟ್ರೀಯ ಮಾಡೆಲ್ ಸರ್, ಎರಡೂ ಸರಿಯೇ." ಎರಡೂ ಸರಿಯಾದರೆ ನನ್ನ ಪೈಪ್ ಏಕೆ ಕೂಡಲಿಲ್ಲ? ಅದಕ್ಕೆ ಉತ್ತರವಿಲ್ಲ. ಆ ಎರಡು ಸೆಂಟಿಮೀಟರ್ ಉಪಗ್ರಹದ ಅಳತೆಯದು, ಜಿಯಾಯ್ಡ್‌ನ ತಪ್ಪು ಅದರೊಳಗೆ ಲೆಕ್ಕಕ್ಕೇ ಬರುವುದಿಲ್ಲ ಎಂದು ಆಮೇಲೆ ಪರಿಚಯದ ನಿವೃತ್ತ ಎಂಜಿನಿಯರರೊಬ್ಬರು ತಿಳಿಸಿದರು. ನಮ್ಮ ದೇಶದ ಹಳೆಯ ಬೆಂಚ್‌ಮಾರ್ಕ್‌ಗಳ (ಎತ್ತರ ಅಳೆದು ನೆಟ್ಟ ಸರಕಾರಿ ಗುರುತುಗಳ) ಸೊನ್ನೆ ಕಾರವಾರವೂ ಸೇರಿದಂತೆ ಒಂಬತ್ತು ಬಂದರುಗಳ ಸಮುದ್ರಮಟ್ಟದಿಂದ ಬಂದದ್ದು, ಈ ಜಾಗತಿಕ ಮಾಡೆಲ್‌ಗಳು ಅದಕ್ಕೆ ತಾವಾಗಿ ಹೊಂದುವುದಿಲ್ಲ ಎಂದೂ ಹೇಳಿದರು.

ವರದಿಯಲ್ಲಿ ಮಾಡೆಲ್‌ನ ಹೆಸರು ಬರೆಸಿಕೊಳ್ಳಿ. ಸರ್ವೆ ಆಫ್ ಇಂಡಿಯಾದ ಬೆಂಚ್‌ಮಾರ್ಕ್ ಹತ್ತಿರವಿದ್ದರೆ ಅಲ್ಲಿ ಹೋಲಿಸಿ ತೋರಿಸಲು ಹೇಳಿ. ನೀರಿನ ಕೆಲಸವಾದರೆ ಆಟೋ ಲೆವೆಲ್ (ಮುಕ್ಕಾಲಿಯ ಮೇಲೆ ಕೂರಿಸಿ ಮಟ್ಟ ನೋಡುವ ದುರ್ಬೀನು) ಇಟ್ಟು ಒಮ್ಮೆ ನೋಡದೆ ಒಂದು ಬುಟ್ಟಿ ಮಣ್ಣನ್ನೂ ತೆಗೆಸಬೇಡಿ. "ಸಾಫ್ಟ್‌ವೇರೇ ಹಾಕಿಕೊಳ್ಳುತ್ತದೆ" ಎನ್ನುವವರಿಗೆ ಮುಂಗಡ ಕೊಡಲೇಬೇಡಿ.

"ಅರ್ಧ ದರಕ್ಕೆ ಮತ್ತೆ ಸರ್ವೆ ಮಾಡಿಕೊಡುತ್ತೇವೆ" ಎಂದು ನಿನ್ನೆ ಸಂದೇಶ ಬಂದಿದೆ. ಅದರ ಕೆಳಗೇ ಹಳೆಯ ಬಾಕಿಯ ಬಿಲ್. ಕೊಡುವುದಿಲ್ಲ.